ಐಸ್ ನೀರಿನಲ್ಲಿ ಕೈ

ಸೋಮವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಾವೆಲ್ಲ ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ, ಅದಕ್ಕೇ ನೇರವಾಗಿ ವಿಷಯಕ್ಕೆ ಬರುತ್ತೇನೆ. ನಮ್ಮ ಪುಟ್ಟ ಗುಂಡಮ್ಮನನ್ನು ಸ್ವಲ್ಪ ಕಾಲ ನಿನ್ನ ಹತ್ತಿರ ಇಟ್ಟುಕೊಳ್ಳುತ್ತೀಯಾ? ಫೋನಿನಲ್ಲಿ ಕೇಳಿದರೆ ನಮ್ಮವರ ಕಿವಿಗೆ ಬೀಳುತ್ತದೆ. ನನ್ನ ಮಗಳು ಯಾರ ಮನೆಯಲ್ಲಾದರೂ ಹೊಟ್ಟೆ ತುಂಬಾ ಉಂಡು ನಗುತ್ತಿರುತ್ತಾಳೆ, ನಿನಗೇನೂ ಕಾಟ ಕೊಡುವುದಿಲ್ಲ. ಕಾಟವೆಲ್ಲ ನನ್ನ ಬೆನ್ನಿನದು.

ಬೆನ್ನುನೋವು ಮತ್ತೆ ಬಂದಿತ್ತು. ನಿನಗೆ ಗೊತ್ತಲ್ಲ, ಅದು ಹಟಮಾರಿ ನೆಂಟರ ಹಾಗೆ, ಹೋಯಿತು ಎಂದು ಉಸಿರು ಬಿಡುವಷ್ಟರಲ್ಲಿ ಮತ್ತೆ ಬಾಗಿಲು ಬಡಿಯುತ್ತದೆ. ಈ ಸಲ ಬಂದದ್ದು ಮೆಟ್ಟಿಲ ಮೇಲೆ, ಮಗುವನ್ನು ಎತ್ತಿಕೊಂಡಿದ್ದಾಗ. ಸೊಂಟ ಹಿಡಿದುಕೊಂಡಿತು, ಮೊಣಕಾಲು ಕುಸಿಯಿತು, ಅವಳ ತಲೆ ಕಂಬಿಗೆ ಬಡಿಯಿತು. ಮೇಜಿಗೆ ತಾಗಿಸಿಕೊಂಡಳು ಎಂದು ನಮ್ಮವರಿಗೆ ಹೇಳಿದ್ದೇನೆ. ಬುಗುಟು ಇಳಿಯಿತು. ನನ್ನ ಹೆದರಿಕೆ ಮಾತ್ರ ಇಳಿದಿಲ್ಲ.

ನೋವು ಆಮೇಲೆ ತಾನಾಗಿಯೇ ಹೋಯಿತು. ಆದರೂ ಅವಳನ್ನು ನಾನು ಎತ್ತಿಕೊಂಡಿಲ್ಲ. ಕೈ ಚಾಚಿ ನಿಂತರೆ ಕಾಣದವಳಂತೆ ಪಾತ್ರೆ ತೊಳೆಯುತ್ತಿದ್ದೆ. ಈಗೀಗ ಅವಳು ಅಪ್ಪನ ಕಡೆಗೇ ಹೋಗುತ್ತಾಳೆ.

ಬೆನ್ನುನೋವು ಬಂದು ಬಂದು ಹೋಗುವವರಿಗೆ ಆಸ್ಪತ್ರೆಯಲ್ಲಿ ಒಂದು ಪರೀಕ್ಷೆ ಮಾಡುತ್ತಿದ್ದಾರೆಂದು ತಿಳಿದು ಹೋದೆ. ಮೈಯಲ್ಲಿ ಒಂದು ಕಡೆ ನೋವಾದರೆ ಇನ್ನೊಂದು ಕಡೆಯ ನೋವನ್ನು ದೇಹ ತಾನೇ ತಗ್ಗಿಸುತ್ತದಂತೆ. ಮೊದಲು ರಬ್ಬರ್ ತುದಿಯ ಉಪಕರಣದಿಂದ ಸೊಂಟ ಒತ್ತಿದರು, ನೋವು ಶುರುವಾದ ಕೂಡಲೇ ಹೇಳಬೇಕು. ಆಮೇಲೆ ಕೈಯನ್ನು ಐಸ್ ನೀರಿನಲ್ಲಿ ಮುಳುಗಿಸಿ ಮತ್ತೆ ಒತ್ತಿದರು. ಕೈ ನೋಯುತ್ತಿರುವಾಗ ಬೆನ್ನು ಹೆಚ್ಚು ತಡೆದುಕೊಳ್ಳಬೇಕಿತ್ತು. ನನ್ನದು ಒಂದಿಷ್ಟೂ ಹೆಚ್ಚು ತಡೆಯಲಿಲ್ಲ. ಒಂದು ಪರೀಕ್ಷೆಯಿಂದ ಏನೂ ಹೇಳೋಕಾಗಲ್ಲ, ಹೆದರ್ಕೋಬೇಡಿ ಎಂದರು ಡಾಕ್ಟರಮ್ಮ. ಅವರು ಹಾಗೆಂದಾಗಲೇ ನನಗೆ ನಿಜವಾದ ಹೆದರಿಕೆ ಹುಟ್ಟಿದ್ದು. ನೋವನ್ನು ಹಿಡಿದು ನಿಲ್ಲಿಸುವ ಶಕ್ತಿಯೇ ನನ್ನ ಮೈಗಿಲ್ಲ ಅಕ್ಕ. ಮುಂದಿನ ಸಲ ಮೆಟ್ಟಿಲ ಮೇಲೆ ಏನಾಗುತ್ತದೋ ಎಂದು ನೆನೆದರೆ ಜೀವ ಬಾಯಿಗೆ ಬರುತ್ತದೆ.

ಭಾನುವಾರ ಬಂದು ಅವಳನ್ನು ಕರೆದುಕೊಂಡು ಹೋಗು. ನನಗೆ ಕೆಲಸ ಜಾಸ್ತಿಯಾಗಿದೆ ಎಂದು ನಮ್ಮವರಿಗೆ ಹೇಳೋಣ.

ನಿನ್ನ ಪುಕ್ಕಲು ತಂಗಿ

ತಾ.ಕ.: ಇವತ್ತು ಬುಧವಾರ. ಲಕೋಟೆ ಅಂಟಿಸುವ ಮೊದಲೇ ಆಸ್ಪತ್ರೆಯಿಂದ ಫೋನು ಬಂದಿತ್ತು. ಐಸ್ ನೀರಲ್ಲಿ ಕೈ ಎಷ್ಟು ನೋಯ್ತು ಅಂತ ಬರ್ಕೊಂಡೇ ಇಲ್ಲ, ಸ್ವಲ್ಪ ಹೇಳ್ತೀರಾ ಎಂದು ಅಲ್ಲಿನ ಹುಡುಗಿ ಕೇಳಿದಳು. ನೋವೆಲ್ಲಿ ಬಂತು, ಹಾಯಾಗಿತ್ತಲ್ಲ ಎಂದೆ. ಏನು ಕೆಲಸ ಮಾಡ್ತೀರಿ ಎಂದಳು ಅವಳು. ಪರೀಕ್ಷೆಯ ದಿನ ನಾನು ಪ್ಯಾಕಿಂಗ್ ಎಂದಷ್ಟೇ ಹೇಳಿದ್ದೆ. ಮೀನಿನ ವಾಸನೆ ಬರಬಾರದೆಂದು ನಿಂಬೆ ಸೋಪಿನಲ್ಲಿ ಕೈ ತಿಕ್ಕಿ ತಿಕ್ಕಿ ತೊಳೆದುಕೊಂಡು ಹೋದವಳು, ಐಸಿನ ತೊಟ್ಟಿಯಿಂದ ಮೀನು ಆರಿಸುತ್ತೇನೆ ಎಂದು ಹೇಗೆ ಹೇಳಲಿ? ಈಗ ಫೋನಿನಲ್ಲಿ ಹೇಳಿಬಿಟ್ಟೆ. ವರ್ಷಗಟ್ಟಲೆ ಐಸಿನಲ್ಲೇ ಪಳಗಿದ ಕೈ. ಕೈಯೇ ನೋಯದಿದ್ದರೆ ಬೆನ್ನಿನ ನೋವು ತಗ್ಗುವುದಾದರೂ ಹೇಗೆ! ಅವಳಿಗೆ ನಗು ತಡೆಯಲಾಗಲಿಲ್ಲ, ನನಗೂ.

ಈಗಷ್ಟೇ ಮತ್ತೆ ಪರೀಕ್ಷೆ ಮಾಡಿಸಿಕೊಂಡು ಬಂದೆ. ಈ ಸಲ ತೋಳಿಗೆ ಪಟ್ಟಿ ಬಿಗಿದು ಚೆನ್ನಾಗಿಯೇ ನೋಯಿಸಿದರು. ಬೆನ್ನು ಮೊದಲಿಗಿಂತ ಎಷ್ಟೋ ಹೆಚ್ಚು ತಡೆದುಕೊಂಡಿತು. ನೋವು ಮತ್ತೆ ಬರೋದೇ ಇಲ್ಲ ಅಂತ ಹೇಳೋಕಾಗಲ್ಲ, ಆದ್ರೆ ಮಗೂನ ಧಾರಾಳವಾಗಿ ಎತ್ಕೊಳ್ಳಿ ಎಂದರು ಡಾಕ್ಟರಮ್ಮ.

ಮನೆಗೆ ಬಂದಾಗ ಗುಂಡಮ್ಮ ಬಾಗಿಲಲ್ಲೇ ಇದ್ದಳು. ಬಹಳ ದಿನಗಳ ಮೇಲೆ ನನ್ನ ಕಡೆ ಕೈ ಚಾಚಿದಳು. ಸೊಂಟದಲ್ಲಿ ನೋವಿನ ಸುಳಿವೂ ಇರಲಿಲ್ಲ. ಆದರೂ ನನಗೆ ಬಗ್ಗಲಾಗಲಿಲ್ಲ ಅಕ್ಕ.

ಭಾನುವಾರ ಬಾ. ಅವಳನ್ನು ಕರೆದುಕೊಂಡು ಹೋಗುವುದು ಬೇಡ. ನಾನು ಎತ್ತಿಕೊಳ್ಳುವಾಗ ಪಕ್ಕದಲ್ಲಿ ನಿಂತಿರು, ಸಾಕು.