ಒಂದನೇ ನಂಬರಿನ ಕೆಲಸ

ಸೆಕ್ಟರ್ ಫೈವ್, ಕೋಲ್ಕತ್ತಾ

ಮ್ಯಾನೇಜರ್ ಸುಬ್ರಹ್ಮಣ್ಯ ಅವರಿಗೆ, ಟೆಸ್ಟಿಂಗ್ ವಿಭಾಗದ ಮರಿಯಪ್ಪನ ನಮಸ್ಕಾರ.

ಹತ್ತೊಂಬತ್ತು ದಿನ, ಏಳು ಮೀಟಿಂಗು, ಒಬ್ಬ ಹುಡುಗಿಯ ನೌಕರಿ: ನಮ್ಮ ಹೊಸ ವೆಂಟಿಲೇಟರು ಕೊಡುವ ಉಸಿರು ಪರೀಕ್ಷೆಯ ವೇಳೆ ಆಗಾಗ ತಡವಾಗುವುದೇಕೆಂದು ಹುಡುಕಲು ಇಷ್ಟು ಖರ್ಚಾಯಿತು. ಮೊದಲು ಚಿಪ್ ಸರಿಯಿಲ್ಲ ಎಂದಿರಿ. ಆಮೇಲೆ "ಆ ಚಂಪಾಗೆ ಕರ್ನೆಲ್ ಅಂದ್ರೆ ಏನಂತಾದ್ರೂ ಗೊತ್ತೇನ್ರೀ?" ಎಂದು, ಪ್ರೋಗ್ರಾಂ ಬರೆದ ಅವಳನ್ನೇ ಮನೆಗೆ ಕಳಿಸಿದಿರಿ.

ನಿನ್ನೆ ಕಾರಣ ಸಿಕ್ಕಿತು. ಕರ್ನೆಲ್ ಅಂದರೆ ಯಂತ್ರದೊಳಗೆ ಕೆಲಸ ಹಂಚುವ ಮೂಲ ತಂತ್ರಾಂಶ; ಅದು ಥ್ರೆಡ್ಡುಗಳಿಗೆ, ಅಂದರೆ ಒಂದೊಂದು ಕೆಲಸಕ್ಕೆ, ಸರದಿ ಕೊಡುವುದು ನಂಬರು ನೋಡಿ. ಉಸಿರಿನ ಥ್ರೆಡ್ಡಿಗೆ ಚಂಪಾ ಕೊಟ್ಟದ್ದು ಐದು. ಪರದೆಯ ಮೇಲೆ ಕಂಪನಿಯ ಲೋಗೋ ಮಿನುಗಿಸುವ ಥ್ರೆಡ್ಡಿಗೆ ತಾವು ಕೊಟ್ಟದ್ದು ಒಂದು, ಚಿಕ್ಕ ಕೆಲಸಕ್ಕೆ ಚಿಕ್ಕ ನಂಬರು ಸಾಕೆಂದು. ಈ ಕರ್ನೆಲ್‌ನಲ್ಲಿ ಒಂದೇ ಎಲ್ಲಕ್ಕಿಂತ ಮೇಲು, ಸ್ವಾಮಿ. ಲೋಗೋ ಮಿನುಗಿ ಮುಗಿಯುವವರೆಗೆ ಉಸಿರು ಕೈಕಟ್ಟಿ ನಿಲ್ಲುತ್ತಿತ್ತು. ಕೈಪಿಡಿಯ ಮೂರನೇ ಪುಟದಲ್ಲೇ ಇದೆ. ತಮಗೆ ಅಷ್ಟು ದೂರ ಹೋಗಲು ಪುರುಸೊತ್ತಾಗಿಲ್ಲ.

ಸೋಮವಾರದೊಳಗೆ ಚಂಪಾಳನ್ನು ವಾಪಸು ಕರೆಯಿರಿ. ಈ ಆಫೀಸಿನಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ, ಅದಕ್ಕೇ ಕನ್ನಡದಲ್ಲಿ ಬರೆದೆ. ಮಂಗಳವಾರದ ಪತ್ರ ಇಂಗ್ಲಿಷಿನಲ್ಲಿರುತ್ತದೆ, ಎಲ್ಲರಿಗೂ ಹೋಗುತ್ತದೆ.

ಸದ್ಯಕ್ಕೆ ಯಂತ್ರಕ್ಕೆ ಉಸಿರು ಸಿಕ್ಕಿದೆ, ತಮಗೆ ಬಡ್ತಿ ಸಿಕ್ಕಿದೆಯಂತೆ, ನನಗೆ ತಮ್ಮ ಪರಿಚಯ ಸಿಕ್ಕಿದೆ. ಚಂಪಾಗೆ ಇನ್ನೂ ಏನೂ ಸಿಕ್ಕಿಲ್ಲ.

ಇಂತು,
ಮರಿಯಪ್ಪ