ಅಜ್ಜ ಹಾಕುತ್ತಿದ್ದ ಸೈರನ್

ಮುಂಬಯಿ, 9-2-1999

ಅಪ್ಪನವರಿಗೆ ನಮಸ್ಕಾರ.

ರಶ್ಮಿಯನ್ನು ನೋಡುತ್ತಿರುವ ಡಾಕ್ಟರು ನಮ್ಮ ಆಯನೂರಿನವರು. ನಿನ್ನೆ ಅವಳ ರಕ್ತವನ್ನು ನಮ್ಮಿಬ್ಬರಿಗೂ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಒಂದೇ ಅಳತೆಯ ನೇರಳೆ ಚುಕ್ಕೆಗಳು ಒತ್ತೊತ್ತಾಗಿದ್ದವು. ಮೊದಲ ನೋಟಕ್ಕೆ ಚೆಂದವೆನಿಸಿತು, ಆಮೇಲೆ ನಾಚಿಕೆಯಾಯಿತು. ಎಳೆಯ ಬಿಳಿ ರಕ್ತಕಣಗಳಿಗೆ, ಹೆಚ್ಚಿದ್ದು ಸಾಕು, ಇನ್ನು ಬಲಿತು ಮೈ ಕಾಯಲು ಹೋಗಿ ಎಂದು ಸೂಚನೆ ಕೊಡುವ ಪ್ರೋಟೀನುಗಳಿರುತ್ತವಂತೆ. ಇವಳಲ್ಲಿ ಆ ಸೂಚನೆ ಕೆಟ್ಟಿದೆ. ಕಣಗಳು ಬಲಿಯದೆ ಹೆಚ್ಚುತ್ತಲೇ ಇವೆ.

“ಭದ್ರಾವತಿ ಫ್ಯಾಕ್ಟರಿ ಸೈರನ್ ತರ ಅಲ್ವಾ ಅಂಕಲ್?” ಎಂದಳು ನಿಮ್ಮ ಮೊಮ್ಮಗಳು.

“ಹೌದು ಮಾರಾಯ್ತಿ, ಅದೇ ಕೆಟ್ಟಿರೋದು” ಎಂದು ಅವರು ನಕ್ಕರು.

“ಹಂಗಾದ್ರೆ ನಮ್ಮಜ್ಜಂಗೆ ಹೇಳಿ. ರಿಟೈರ್ ಆಗೋವರೆಗೂ ಅಲ್ಲಿ ಸೈರನ್ ಹಾಕ್ತಿದ್ದಿದ್ದು ಅವರೇ.”

ಇವತ್ತು ಮಧ್ಯಾಹ್ನ ಎರಡಕ್ಕೆ, ಅಲ್ಲಿ ಶಿಫ್ಟ್ ಬದಲಾಗುವ ಹೊತ್ತಿಗೆ, ಮಾತು ನಿಲ್ಲಿಸಿ ಕಿವಿಗೊಟ್ಟು ಕೂತಿದ್ದಳು.

ಎರಡನೇ ಸಲದ ಔಷಧಿಯೂ ಹಿಡಿಯಲಿಲ್ಲ. ಡಾಕ್ಟರು ನನ್ನೊಬ್ಬನನ್ನೇ ಹೊರಗೆ ಕರೆದು, ಇನ್ನು ಊರಿಗೆ ಕರೆದುಕೊಂಡು ಹೋಗಿ ಎಂದರು. ಮುಂದಿನ ವಾರ ಶುಕ್ರವಾರ ಬೆಳಿಗ್ಗೆ ಶಿವಮೊಗ್ಗದಲ್ಲಿ ಇಳಿಯುತ್ತೇವೆ. ಅಲ್ಲಿಂದ ಮನೆಗೆ ಬಸ್ಸಿನ ಕುಲುಕಾಟ ಅವಳಿಗೆ ಆಗದು, ಪಕ್ಕದ ಮನೆ ಮಲ್ಲೇಶನ ಕಾರು ಕಳಿಸಿ. ದುಡ್ಡು ಸಾಕಷ್ಟಿದೆ. ಅಮ್ಮನಿಗೆ ಓದಿ ಹೇಳುವಾಗ ಔಷಧಿಯ ಸಾಲು ಬಿಡಿ.

ಕಾರ್ಡಿನಲ್ಲಿ ಜಾಗ ಮುಗಿಯಿತು. ಬಾಗಿಲಿಗೆ ಬಂದ ಕೂಡಲೇ, ಸೈರನ್ ಹಾಕಿದ್ರಾ ಅಜ್ಜ ಎಂದು ಕೇಳುತ್ತಾಳೆ. ಹಾಕಿದೀನಿ ಅನ್ನಿ.

ಜ್ಞಾನೇಶ್