ಅಕ್ಕನ ಅಳತೆಯ ಉಂಗುರ

ಅಮ್ಮಾ,

ಇವತ್ತು ತುರುವೇಕೆರೆಗೆ ಹೋಗಿ ನನ್ನ ಮದುವೆಯ ಉಂಗುರವನ್ನು ಚಿಕ್ಕದು ಮಾಡಿಸಲು ಅಕ್ಕಸಾಲಿ ಈರಾಚಾರ್ ಕೈಗೆ ಕೊಟ್ಟೆ. ನೀನು ಅದನ್ನು ಮಾಡಿಸಿದ್ದು ಅಕ್ಕನಿಗೆ. ಮದುವೆಗೆ ಎಂಟು ದಿನ ಇರುವಾಗ ಅವಳು ಮನೆ ಬಿಟ್ಟು ಹೋದಳು. ಅವಳಿಗೆ ಗೊತ್ತಾಗಿದ್ದ ದಂಡಿನಶಿವರದ ಗಂಡಿಗೆ ನನ್ನನ್ನು ಕೊಟ್ಟಿರಿ. ಸಡಿಲವಾಗಿದ್ದ ಉಂಗುರಕ್ಕೆ ನೀನು ದಾರ ಸುತ್ತಿ ತೊಡಿಸಿದೆ. ಆ ಗಡಿಬಿಡಿಯಲ್ಲಿ ಚಿಕ್ಕದು ಮಾಡಿಸಲು ಆಗಲಿಲ್ಲವೆಂದು ಇಪ್ಪತ್ತಮೂರು ವರ್ಷ ನಂಬಿದ್ದೆ.

ಆಚಾರ್ರು ಉಂಗುರ ನೋಡಿದ್ದೇ ನಕ್ಕರು. "ನಿಮ್ಮವ್ವ ಆವಾಗ್ಲೇ ತಂದಿದ್ರು ಕಣವ್ವ. ಅರ್ಧ ಗಂಟೆ ಕೂತ್ಕಳಿ, ಚಿಕ್ಕದು ಮಾಡ್ಕೊಡ್ತೀನಿ ಅಂದೆ. ಬ್ಯಾಡ ಬುಡಿ, ದೊಡ್ಡೋಳು ಇವತ್ತಲ್ಲ ನಾಳೆ ಬತ್ತಾಳೆ, ಅವಳ ಅಳತೇಲೇ ಇರ್ಲಿ ಅಂದ್ರು."

ಸಂಕಟದಲ್ಲಿ ಬಾಯಿಗೆ ಬಂದ ಮಾತಿರಬಹುದು ಎಂದು ನಿನ್ನ ಪರವಾಗಿ ನಾನೇ ವಾದಿಸಿ ನೋಡಿದೆ. ಆಗಲಿಲ್ಲ. ಅವಳಿಗೆ ಗೊತ್ತುಮಾಡಿದ್ದ ಗಂಡನ್ನು ನೀನು ನನಗೆ ಕೊಟ್ಟೆ. ಉಂಗುರವನ್ನು ಮಾತ್ರ ಅವಳಿಗೇ ಇಟ್ಟೆ. ನೀನು ಬದುಕಿರುವ ತನಕ ಪ್ರತಿ ಗೌರಿಹಬ್ಬಕ್ಕೂ ನನ್ನ ಕೈ ಹಿಡಿದು ಕೂತು ಹೊಸ ದಾರ ಸುತ್ತುತ್ತಿದ್ದೆ. ನಾನು ಅದನ್ನು ಪ್ರೀತಿ ಎಂದುಕೊಂಡಿದ್ದೆ. ಒಂದು ಸಲವಾದರೂ ಯಾಕೆ ಎಂದು ಕೇಳಬೇಕಿತ್ತು.

ಆಚಾರ್ರು ದಾರ ಕಿತ್ತು ಉಂಗುರವನ್ನು ನನ್ನ ಬೆರಳಿಗೆ ಹಾಕಿ ನೋಡಿದರು. ನಲವತ್ತೈದರ ಬೆರಳು ದಪ್ಪಗಾಗಿದೆ. ಅದು ಸರಿಯಾಗಿ ಕೂತಿತು.

"ಇನ್ನೇನೂ ಮಾಡೋದು ಬ್ಯಾಡ ಕಣವ್ವ. ನಿಮಗೇ ಮಾಡಿಸ್ದಂಗೈತೆ."

"ಇದನ್ನ ಕರಗಿಸಿಬಿಡಿ ಆಚಾರ್ರೇ. ನನ್ನ ಅಳತೆ ತಗೊಂಡು ಬೇರೆ ಮಾಡಿ," ಎಂದು ಬೆರಳು ಚಾಚಿದೆ.